ಕೊನೆಯವನ ಎಣಿಕೆ

ಕೊಳ್ಳೇಗಾಲದವನು ಎಂದು ಹೇಳಿಕೊಂಡರೆ ಮುಂದಿನ ಪ್ರಶ್ನೆ ಏನು ಬರುತ್ತದೆಂದು ನನಗೆ ಹದಿನೆಂಟನೆಯ ವಯಸ್ಸಿನಿಂದಲೂ ಗೊತ್ತು. ಮೈಸೂರಿನ ಹಾಸ್ಟೆಲಿನಲ್ಲಿ, ಆಮೇಲೆ ಸೈನ್ಯದಲ್ಲಿ ಅಪರೂಪಕ್ಕೆ ಸಿಕ್ಕ ಕನ್ನಡಿಗರ ನಡುವೆ, ನಿವೃತ್ತನಾಗಿ ಬಂದ ಮೇಲೆ ಮಂಡಿನೋವು ತೋರಿಸಲು ಹೋದ ಡಾಕ್ಟರ ಮುಂದೆ ಕೂಡ ಅದೇ ಪ್ರಶ್ನೆ: ನಿಮ್ಮೂರಲ್ಲಿ ಮಾಟ ಮಾಡುತ್ತಾರಂತಲ್ಲ, ನಿಜವೇ? ನಮ್ಮೂರಲ್ಲಿ ನಾನು ಕಂಡದ್ದು ರೇಷ್ಮೆಯ ಮಗ್ಗ ಒಂದೇ ಎಂದು ನಗುತ್ತ ಹೇಳಿ ಸುಮ್ಮನಾಗುತ್ತಿದ್ದೆ. ನಂಬದೆ ಇರುವುದರಲ್ಲಿ ನನಗೊಂದು ಜಂಬವೂ ಇತ್ತು. ಎಂ.ಎ.ಯಲ್ಲಿ ಇತಿಹಾಸ ಓದಿದವನು ನಾನು. ಯಾರೇ ಯಾವ ಕಥೆ ಹೇಳಿದರೂ ಎರಡು ಪ್ರಶ್ನೆ ಕೇಳಬೇಕೆಂದು ನಮ್ಮ ಮೇಷ್ಟ್ರು ಕಲಿಸಿದ್ದರು: ಇದನ್ನು ಬರೆದವನು ಯಾರು, ನಡೆದು ಎಷ್ಟು ಕಾಲವಾದ ಮೇಲೆ ಬರೆದ? ಈ ಎರಡು ಪ್ರಶ್ನೆಗಳ ಮುಂದೆ ನಿಂತ ದೆವ್ವವನ್ನು ನಾನು ಕಂಡಿರಲಿಲ್ಲ.

ಈಗ ನಾನು ಬರೆಯುತ್ತಿರುವುದಕ್ಕೆ ಓದುಗರು ಆ ಎರಡು ಪ್ರಶ್ನೆ ಕೇಳಿದರೆ ಉತ್ತರ ನನಗೆ ಅನುಕೂಲವಾಗಿಲ್ಲ. ಬರೆಯುತ್ತಿರುವವನು ಅಂದಿನ ತಪ್ಪಿಗೆ ಹೊಣೆಯಾದವನೇ. ಬರೆಯುತ್ತಿರುವುದು ಹನ್ನೆರಡು ವರ್ಷ ಕಳೆದ ಮೇಲೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮದು ನೇಕಾರರ ಮನೆ. ಅಪ್ಪ ಮಗ್ಗದಲ್ಲಿ ಕೂರುತ್ತಿದ್ದರು. ಅವ್ವ ಮತ್ತು ಅಕ್ಕ ಅಚ್ಚು ಕೆಚ್ಚುತ್ತಿದ್ದರು. ಮಗ್ಗದಲ್ಲಿ ಉದ್ದೆಳೆಗಳ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಸೇರಿಸುವ ಕೆಲಸ ಅದು. ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅಕ್ಕ ಆ ಕೆಲಸಕ್ಕೆ ಕೂತಾಗ ಅವಳನ್ನು ಮಾತಾಡಿಸುವಂತಿರಲಿಲ್ಲ. ಆ ಮನೆಯಿಂದ ಹೊರಟು ಸೈನ್ಯ ಸೇರಿದ ನಾನು ಅಲ್ಲಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವ ಪಡೆಯನ್ನು ಆರಿಸಿಕೊಂಡೆ. ಏಕೆಂದು ಸರಿಯಾಗಿ ಹೇಳಲಾರೆ. ಹೆದರುವವನಲ್ಲ ಎಂದು ನನಗೇ ತೋರಿಸಿಕೊಳ್ಳಬೇಕಿತ್ತೇನೋ. ಆಗ್ರಾದಲ್ಲಿ ತರಬೇತಿ ಮುಗಿಸಿ, ಎದೆಯ ಮೇಲೆ ರೆಕ್ಕೆಯ ಬಿಲ್ಲೆ ಧರಿಸಿ ಮೊದಲ ರಜೆಗೆ ಬಂದಾಗ, ಹರಿದುಹೋದ ಪ್ಯಾರಾಚೂಟಿನ ಒಂದು ತುಂಡು ಬಟ್ಟೆ ತಂದಿದ್ದೆ. ಅಪ್ಪ ಅದನ್ನು ಬೆರಳ ನಡುವೆ ಉಜ್ಜಿ ನೋಡಿ, "ಇದು ನೂಲೇ ಅಲ್ವಲ್ಲೋ. ಇದ್ನ ನಂಬ್ಕಂಡು ಆರ್ತೀಯಾ?" ಎಂದು ಕೇಳಿದ್ದರು. ಬಟ್ಟೆಯನ್ನು ನಂಬುವುದಲ್ಲ, ಅದನ್ನು ಮಡಿಸಿ ಕಟ್ಟಿದವನನ್ನು ನಂಬುವುದು ಎಂದು ನಾನು ಹೇಳಿದೆ. ಆ ಉತ್ತರ ಅವರಿಗೆ ಒಪ್ಪಿಗೆಯಾಯಿತು.

ಒಬ್ಬರನ್ನೊಬ್ಬರು ನಂಬುವುದಕ್ಕೆ ನಮ್ಮ ಪಡೆಯಲ್ಲಿ ಒಂದು ಪದ್ಧತಿಯಿದೆ. ಹಾರುವ ಮುಂಚೆ ವಿಮಾನದೊಳಗೆ ಎಲ್ಲರೂ ಸಾಲಾಗಿ ನಿಲ್ಲುತ್ತೇವೆ. ಇಂಜಿನ್ನಿನ ಸದ್ದಿಗೆ ಮಾತು ಕೇಳುವುದಿಲ್ಲ. ಆಗ ಸಾಲಿನ ಕೊನೆಯವನು ತನ್ನ ಮುಂದಿನವನ ಬಲಭುಜ ತಟ್ಟುತ್ತಾನೆ. ಅವನು ತನ್ನ ಮುಂದಿನವನದು, ಅವನು ಮತ್ತೂ ಮುಂದಿನವನದು. ಹೀಗೆ ಆ ತಟ್ಟು ಹಿಂದಿನಿಂದ ಮುಂದಕ್ಕೆ ನಡೆದು ಬರುತ್ತದೆ. ಬಾಗಿಲ ಬಳಿ ನಿಂತವನ ಭುಜಕ್ಕೆ ಅದು ತಲುಪಿತೆಂದರೆ ಹಿಂದೆ ಎಲ್ಲರೂ ಇದ್ದಾರೆ, ಎಲ್ಲರೂ ಸರಿಯಾಗಿದ್ದಾರೆ ಎಂದರ್ಥ. ಅವನು ತಿರುಗಿ ನೋಡಬೇಕಾಗಿಲ್ಲ. ನೆಲದ ಮೇಲೆ ಗಸ್ತು ಹೋಗುವಾಗಲೂ ನಾವು ಇದನ್ನೇ ಬಳಸುತ್ತಿದ್ದೆವು. ಭುಜಕ್ಕೆ ತಟ್ಟು ಬಂದ ಮೇಲೆ ಮುಂದಿನವನು ಹೆಜ್ಜೆ ಎತ್ತುತ್ತಾನೆ. ಅದು ಬಾರದೆ ಹೊರಡುವವನು ನಮ್ಮಲ್ಲಿ ಇಲ್ಲ.

ಮಾದೇಶ ನಮ್ಮ ಪಡೆಗೆ ಬಂದಾಗ ನಾನು ಮೇಜರ್ ಆಗಿದ್ದೆ. ಹನೂರು ತಾಲೂಕಿನ, ಗೋಪಿನಾಥಂ ಆಚೆಯ ಒಂದು ಹಾಡಿಯಂಥ ಊರಿನವನು. ಕಾಡಿಗೆ ಹೋಗಿ ಜೇನು, ಹುಣಸೆ, ನೆಲ್ಲಿಕಾಯಿ ತರುವ ಮನೆತನ. ಹೊಳೆಯಲ್ಲಿ ಮೀನು ಹಿಡಿಯುವುದೂ ಉಂಟು. ಇಡೀ ಪಡೆಯಲ್ಲಿ ನಮ್ಮ ಸೀಮೆಯವರು ನಾವಿಬ್ಬರೇ. ಮೊದಲ ದಿನವೇ ಸೆಲ್ಯೂಟ್ ಹೊಡೆದು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಸಾ, ತಾವು ಕೊಳ್ಳೇಗಾಲ್ದೋರಂತೆ. ಮಾಟ ಗೀಟ ಬತ್ತದಾ ಸಾ? ನಮ್ಮ ಹವಾಲ್ದಾರ್ಗೆ ಒಸಿ ಮಾಡ್ಕೊಡಿ, ಬೆಳಗಾಯ್ತು ಅಂದ್ರೆ ಓಡುಸ್ತಾನೆ" ಎಂದ. ಅಧಿಕಾರಿಯ ಮುಂದೆ ಆಡುವ ಮಾತಲ್ಲ. ನಾನು ಗದರಿಸಬೇಕಿತ್ತು, ನಕ್ಕೆ. ಬಹಳ ದಿನಗಳ ಮೇಲೆ ನಮ್ಮ ಕಡೆಯ ಮಾತು ಕಿವಿಗೆ ಬಿದ್ದಿತ್ತು.

ಕಾಡಿನಲ್ಲಿ ಬೆಳೆದವನಾದ್ದರಿಂದ ಗಸ್ತಿನಲ್ಲಿ ಅವನನ್ನು ಸಾಲಿನ ಕೊನೆಗೆ ಹಾಕುತ್ತಿದ್ದೆವು. ಹಿಂದೆ ಕಿವಿ ಇಟ್ಟುಕೊಂಡು ನಡೆಯುವವನು ಬೇಕಾಗುತ್ತದೆ. ನಾನು ಮುಂದೆ, ಅವನು ಹಿಂದೆ. ಅವನಿಂದ ಹೊರಟ ತಟ್ಟು ನನ್ನ ಭುಜಕ್ಕೆ ಬರುವುದರ ಜೊತೆಗೆ ಅವನ ಕೂಗೂ ಕೇಳುತ್ತಿತ್ತು: "ಎಲ್ಲಾ ಅವ್ರೆ, ಸಾ." ಪದ್ಧತಿಯಲ್ಲಿ ಆ ಕೂಗು ಇರಲಿಲ್ಲ. ಅವನೇ ಸೇರಿಸಿದ್ದು. ಕನ್ನಡ ಬಾರದ ಹುಡುಗರೂ ಅದನ್ನು ಕಲಿತು ಅಣಕಿಸುತ್ತಿದ್ದರು.

ಇನ್ನೊಂದು ಸಂಗತಿ ಹೇಳಬೇಕು. ಅವನು ಎಡಚ. ಒಂದು ಸಲ ವಿಮಾನದ ಸಾಲಿನಲ್ಲಿ ನಾನು ಅವನ ಮುಂದೆಯೇ ನಿಂತಿದ್ದೆ. ತಟ್ಟು ನನ್ನ ಎಡಭುಜಕ್ಕೆ ಬಿತ್ತು. ನೆಲಕ್ಕಿಳಿದ ಮೇಲೆ ಬಲಗೈಯಲ್ಲಿ ಬಲಭುಜವನ್ನೇ ತಟ್ಟಬೇಕೆಂದು ಬೈದೆ. ಪ್ಯಾರಾಚೂಟನ್ನು ಸುತ್ತಿಕೊಳ್ಳುತ್ತ ಅವನು, "ಎಡಗೈನೂವೆ ಕೈಯೇ ಅಲ್ವಾ ಸಾ? ತಟ್ಟಿದ್ದು ಗೊತ್ತಾಯ್ತು ತಾನೆ?" ಎಂದ. ಆ ಮೇಲೆಯೂ ಅವನು ಬದಲಾಗಲಿಲ್ಲ, ನಾವೂ ಬಿಟ್ಟುಬಿಟ್ಟೆವು.

ನಮ್ಮ ಪಡೆಯನ್ನು ಶಾಂತಿಪಾಲನೆಗೆಂದು ಆಫ್ರಿಕಾದ ನಡುವಿನ ಒಂದು ದೇಶಕ್ಕೆ ಕಳಿಸಿದರು. ದೇಶದ ಹೆಸರು ಇಲ್ಲಿ ಬೇಕಾಗಿಲ್ಲ. ನಮ್ಮ ಕೆಂಗಂದು ಬಣ್ಣದ ಟೋಪಿ ಪೆಟ್ಟಿಗೆ ಸೇರಿತು, ತಲೆಗೆ ನೀಲಿ ಟೋಪಿ ಬಂತು. ಹಾರುವ ಕೆಲಸ ಅಲ್ಲಿ ಇರಲಿಲ್ಲ. ಬಿಳಿ ಬಣ್ಣದ ಗಾಡಿಗಳಲ್ಲಿ ಕೂತು ಗಸ್ತು ತಿರುಗುವುದು, ನೀರಿನ ಟ್ಯಾಂಕರಿಗೆ ಕಾವಲು ಹೋಗುವುದು, ಎರಡು ಗುಂಪಿನ ಮುಖಂಡರನ್ನು ಒಂದೇ ಮರದ ಕೆಳಗೆ ಕೂರಿಸಿ ದಿನಗಟ್ಟಲೆ ಅವರ ಮಾತು ಕೇಳುವುದು. ಗುಂಡು ಹಾರಿಸುವಂತಿಲ್ಲ, ಅದಕ್ಕೆ ಪುಟಗಟ್ಟಲೆ ನಿಯಮ. ನಮ್ಮ ಶಿಬಿರದ ಬೇಲಿಯ ಹೊರಗೆ ಓಡಿಬಂದ ಜನ ಗುಡಿಸಲು ಹಾಕಿಕೊಂಡಿದ್ದರು. ನೀಲಿ ಟೋಪಿ ಕಂಡರೆ ಸಾಕು, ಬದುಕಿಕೊಂಡೆವು ಎಂಬಂತೆ ನೋಡುತ್ತಿದ್ದರು. ಆ ನೋಟವನ್ನು ಎದುರಿಸುವುದು ವಿಮಾನದ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಕಷ್ಟವಾಗಿತ್ತು. ಮಾದೇಶ ಅವರ ಮಕ್ಕಳಿಗೆ ಗಾಳ ಕಟ್ಟುವುದನ್ನು ಕಲಿಸಿಕೊಟ್ಟಿದ್ದ.

ಅಂದು ಮಧ್ಯಾಹ್ನ ಹೊಳೆಯ ಆಚೆ ದಡದ ಒಂದು ಹಳ್ಳಿಗೆ ಬಂದೂಕಿನ ಗುಂಪೊಂದು ಬರುತ್ತಿದೆಯೆಂದು ಸುದ್ದಿ ಬಂತು. ಹಳ್ಳಿಯ ಹೆಂಗಸರು, ಮಕ್ಕಳು, ಮುದುಕರು ಶಾಲೆಯಲ್ಲಿ ಸೇರಿಕೊಂಡಿದ್ದರು. ಅವರನ್ನು ಈಚೆಗೆ ದಾಟಿಸಲು ನಾನೂ ಸೇರಿ ಹನ್ನೆರಡು ಜನ ಹೋದೆವು. ಮೋಟಾರಿನ ಒಂದು ರಬ್ಬರ್ ದೋಣಿ. ಅದನ್ನು ನಡೆಸುತ್ತಿದ್ದವನು ಬೇರೆ ದಳದವನು, ನಮ್ಮಲ್ಲಿ ಯಾರು ಯಾರೆಂದು ಅವನಿಗೆ ತಿಳಿಯದು. ಅವನು ಜನರನ್ನು ತುಂಬಿಕೊಂಡು ಹೋಗಿ ಬಂದು ಮಾಡಿದ. ನಾವು ದಡದಲ್ಲಿ ಕಾವಲು ನಿಂತೆವು. ಕೊನೆಗೆ ನಾವು ಮಾತ್ರ ಉಳಿದೆವು. ಅಷ್ಟರಲ್ಲಿ ಹಳ್ಳಿಯ ಆ ಕೊನೆಗೆ ಬೆಂಕಿ ಬಿದ್ದಿತ್ತು. ಹುಲ್ಲಿನ ಮಾಡುಗಳ ಹೊಗೆ ನೇರ ನಮ್ಮ ಮೇಲೆ ಇಳಿಯುತ್ತಿತ್ತು. ಹೊಳೆಯ ಮೇಲ್ಗಡೆಯ ತಿರುವಿನಿಂದ ಗುಂಡಿನ ಸದ್ದು ಕೇಳುತ್ತಿತ್ತು.

ನಾನು ದೋಣಿಯ ಮೂತಿಯಲ್ಲಿ ಕೂತು ಆ ತಿರುವಿನ ಮೇಲೆ ಕಣ್ಣಿಟ್ಟಿದ್ದೆ. ನನ್ನ ಬೆನ್ನ ಹಿಂದೆ ಹವಾಲ್ದಾರ್, ಅವನ ಹಿಂದೆ ಉಳಿದವರು. ಎಲ್ಲರಿಗಿಂತ ಕೊನೆಗೆ ಹತ್ತಬೇಕಾದವನು ಮಾದೇಶ. ಮೋಟಾರು ಸಣ್ಣಗೆ ಗುರುಗುಟ್ಟುತ್ತಿತ್ತು. ಎಷ್ಟು ಹೊತ್ತು ಕಾದೆನೋ ತಿಳಿಯದು. ಭುಜಕ್ಕೆ ತಟ್ಟು ಬಿತ್ತು. ಕಿವಿಯ ಹತ್ತಿರವೇ, ಕೂಗಿದಂತಲ್ಲ, ಪಕ್ಕದಲ್ಲಿ ಕೂತವನು ಹೇಳಿದಂತೆ ಮಾತು ಬಂತು: "ಎಲ್ಲಾ ಅವ್ರೆ, ಸಾ." ನಾನು ತಿರುಗಿ ನೋಡದೆ ಕೈ ಎತ್ತಿದೆ. ದೋಣಿ ಹೊರಟಿತು.

ಈಚೆ ದಡದಲ್ಲಿ ಇಳಿದು ಎಣಿಸಿದರೆ ಹನ್ನೊಂದು ಜನ.

ಮತ್ತೆ ದಾಟಲು ಅಪ್ಪಣೆ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು. ನಾವು ಹೋದಾಗ ಆ ಗುಂಪು ಹಳ್ಳಿಯನ್ನು ಸುಟ್ಟು ಮುಂದೆ ಹೋಗಿತ್ತು. ಮಾದೇಶ ಶಾಲೆಯ ಹಿಂದಿನ ಗೋಡೆಯ ಬಳಿ ಬಿದ್ದಿದ್ದ. ದೋಣಿ ನಿಂತಿದ್ದ ಜಾಗಕ್ಕೂ ಅದಕ್ಕೂ ಇನ್ನೂರು ಹೆಜ್ಜೆ. ಒಂದೇ ಗುಂಡು. ಅವನಿಂದ ಸ್ವಲ್ಪ ದೂರದಲ್ಲಿ, ಗೋಡೆಯ ಮೂಲೆಯಲ್ಲಿ, ಕಾಲು ಸ್ವಾಧೀನವಿಲ್ಲದ ಒಬ್ಬ ಮುದುಕಿ ಅವನ ನೀರಿನ ಬಾಟಲಿಯನ್ನು ಎದೆಗೆ ಅವುಚಿಕೊಂಡು ಜೀವಂತ ಕೂತಿದ್ದಳು. ಶಾಲೆ ಖಾಲಿ ಮಾಡುವಾಗ ನಾವು ಅವಳನ್ನು ಬಿಟ್ಟುಬಂದಿದ್ದೆವು. ಮಾದೇಶನಿಗೆ ಅವಳ ದನಿ ಕೇಳಿರಬೇಕು.

ದುಭಾಷಿಯನ್ನು ಕೂರಿಸಿಕೊಂಡು ನಾನು ಆ ಮುದುಕಿಯನ್ನು ವಿಚಾರಿಸಿದೆ. ಅವಳು ಹೇಳಿದ್ದು ಇಷ್ಟು. ಅವನು ಅವಳನ್ನು ಗೋಡೆಯ ಮರೆಗೆ ಎಳೆದುಕೊಂಡ. ನೀರು ಕೊಟ್ಟ. ಎದ್ದು ನಿಂತು ಹೊಳೆಯ ಕಡೆ ಮುಖ ಮಾಡಿ ಏನೋ ಹೇಳಿದ. ಆಮೇಲೆ ಬಿದ್ದ. ಅವನು ಬಿದ್ದ ಮೇಲೆ ದೋಣಿಯ ಸದ್ದು ಜೋರಾಯಿತು. ಕೂಗಿ ಹೇಳಿದನೇ ಎಂದು ಕೇಳಿದೆ. ಇಲ್ಲ, ಹತ್ತಿರ ಇರುವವನಿಗೆ ಹೇಳುವ ಹಾಗೆ ಹೇಳಿದ ಎಂದಳು. ಮೂರು ಸಲ ಕೇಳಿದೆ, ಮೂರು ಸಲವೂ ಅದೇ ಉತ್ತರ. ಆದರೆ ಓದುಗರೇ, ನನ್ನ ಮಾತನ್ನು ಇಲ್ಲಿ ಹುಷಾರಾಗಿ ತೆಗೆದುಕೊಳ್ಳಿ. ಕೂಗಿದನೇ ಅಥವಾ ಮೆಲ್ಲಗೆ ಹೇಳಿದನೇ ಎಂದು ಪ್ರಶ್ನೆಯೊಳಗೇ ಉತ್ತರ ಇಟ್ಟು ಕೇಳಿದವನು ನಾನೇ ಇರಬಹುದು. ಹೆದರಿದ ಮುದುಕಿ, ನಡುವೆ ದುಭಾಷಿ. ನನ್ನ ಮೇಷ್ಟ್ರು ಈ ಸಾಕ್ಷಿಯನ್ನು ಒಪ್ಪುತ್ತಿರಲಿಲ್ಲ.

ವಿಚಾರಣೆ ನಡೆಯಿತು. ದೋಣಿಯ ಹಿಂಬದಿಯಲ್ಲಿ ಕೂತಿದ್ದ ಹುಡುಗ, ಹೊಗೆಯಲ್ಲಿ ಕಾಣಲಿಲ್ಲ, ಮಾದೇಶ ಮುಂದೆ ಸಾಹೇಬರ ಹತ್ತಿರ ಹೋಗಿ ಕೂತಿರಬೇಕು ಅಂದುಕೊಂಡೆ ಎಂದ. ಅವನು ಯಾರನ್ನೂ ತಟ್ಟಿರಲಿಲ್ಲ. ಹಿಂದಿನಿಂದ ಏನೂ ಬರದಿದ್ದ ಮೇಲೆ ನಡುವಿನವರೂ ತಟ್ಟಿರಲಿಲ್ಲ. ನನ್ನ ಬೆನ್ನ ಹಿಂದಿದ್ದ ಹವಾಲ್ದಾರ್, ತಾನು ಇನ್ನೂ ಕಾಯುತ್ತಲೇ ಇದ್ದೆ, ಅಷ್ಟರಲ್ಲಿ ಸಾಹೇಬರು ಕೈ ಎತ್ತಿದರು ಎಂದು ಪ್ರಮಾಣ ಮಾಡಿ ಹೇಳಿದ. ಇಕ್ಕಟ್ಟಿನಲ್ಲಿ ಅವನ ಬಂದೂಕಿನ ಹಿಡಿ ನನ್ನ ಭುಜಕ್ಕೆ ತಗುಲಿರಬಹುದೆಂದು ಯಾರೋ ದಾರಿ ತೋರಿಸಿದರು. ಇರಬಹುದು ಎಂದು ನಾನೂ ಹೇಳಿದೆ. ತಟ್ಟು ಬಂತು ಎಂದಷ್ಟೇ ಹೇಳಿಕೆ ಕೊಟ್ಟೆ. ಮಾತು ಕೇಳಿಸಿತೆಂದು ಹೇಳಲಿಲ್ಲ. ಹೇಳಿದ್ದರೆ ಒಂದೋ ತಲೆ ಕೆಟ್ಟಿದೆ ಎನ್ನುತ್ತಿದ್ದರು, ಇಲ್ಲವೇ ತಪ್ಪಿಸಿಕೊಳ್ಳಲು ಸತ್ತವನ ಮೇಲೆ ಹಾಕುತ್ತಿದ್ದಾನೆ ಎನ್ನುತ್ತಿದ್ದರು. ಹುಡುಗರಲ್ಲಿ ಯಾರಾದರೂ ಅಣಕಿಸಿದರೇ ಎಂದು ಒಬ್ಬೊಬ್ಬರನ್ನೇ ಕರೆದು ಕೇಳಿದೆ. ಆ ಹೊತ್ತಿನಲ್ಲಿ ಅಣಕವೇ ಸಾಹೇಬರೇ ಎಂದು ಒಬ್ಬ ನೊಂದುಕೊಂಡ. ಹೊಗೆ, ಸದ್ದು, ಗಡಿಬಿಡಿಯೇ ಕಾರಣವೆಂದು ಬರೆದು ಕಡತ ಮುಚ್ಚಿದರು. ನನಗೆ ಮುಂದೆ ಬಡ್ತಿಯೂ ಬಂತು.

ಮಾದೇಶನ ದೇಹದ ಜೊತೆ ನಾನು ಬರಲಾಗಲಿಲ್ಲ. ಆರು ತಿಂಗಳ ಮೇಲೆ ಊರಿಗೆ ಬಂದು, ಹನೂರಿನಲ್ಲಿ ಬಸ್ಸು ಬದಲಿಸಿ, ಬೆಟ್ಟ ದಾಟಿ ಅವನ ಊರಿಗೆ ಹೋದೆ. ಅವನ ತಾಯಿ ಕೆಂಪಮ್ಮ ತಮ್ಮ ಮಗಳು ಅಳಿಯನ ಮನೆಯಲ್ಲಿದ್ದರು. ಅಳಿಯ ಅರಣ್ಯ ಇಲಾಖೆಯಲ್ಲಿ ವಾಚರ್. ಕೆಂಪಮ್ಮ ಅಳಲಿಲ್ಲ. ಕೊಡೆ ಹಿಡಿದುಕೊಂಡು ಆಕಾಶದಿಂದ ಬೀಳುವ ಕೆಲಸ ಅಂದಿದ್ದ, ಬಿದ್ದು ಸಾಯಲಿಲ್ಲವಲ್ಲ, ನೆಲದ ಮೇಲೆ ನಿಂತು ಸತ್ತನಲ್ಲ ಎಂದು ಅದನ್ನೇ ಎರಡು ಮೂರು ಸಲ ಹೇಳಿದರು. ನಾನು ಹೊರಡುವಾಗ ಮಾತ್ರ ಕೇಳಿದರು, "ಕಡೆಗೆ ಏನಾರ ಅಂದ್ನಾ ಸಾ ನನ್ ಮಗ?"

ಏನೂ ಹೇಳಲಿಲ್ಲ ಅಮ್ಮ, ನೋವೂ ಆಗಿರಲಾರದು ಎಂದೆ.

ಆಮೇಲೆ ಪ್ರತಿ ವರ್ಷ ಹೋಗತೊಡಗಿದೆ. ಶಿವರಾತ್ರಿ ಕಳೆದು ಹುಣಸೆ ಬಿಡಿಸುವ ಕಾಲ. ಅವನು ಸತ್ತದ್ದೂ ಅದೇ ದಿನಗಳಲ್ಲಿ. ನಿವೃತ್ತನಾಗಿ ಕೊಳ್ಳೇಗಾಲದಲ್ಲೇ ಮನೆ ಮಾಡಿದ ಮೇಲೂ ತಪ್ಪಿಸಲಿಲ್ಲ. ಕೆಂಪಮ್ಮನ ಬಾಯಲ್ಲಿ ನಾನು ಮೊದಲು 'ಸಾ' ಆಗಿದ್ದೆ, ನಿಧಾನವಾಗಿ 'ಅಪ್ಪಾ' ಆದೆ. "ಬರೋ ವರ್ಸ ಆ ಬಿಸ್ಕತ್ತ ತರಬ್ಯಾಡ ಕಣಪ್ಪಾ, ಕಚ್ಚಕ್ಕೆ ಒಂದ್ ಅಲ್ಲೂ ಇಲ್ಲ, ನಿಮ್ ಮಿಲ್ಟ್ರಿಯೋರ್ಗೆ ಬೇರೆ ಏನೂ ಸಿಕ್ಕಲ್ವಾ?" ಎಂದು ಒಮ್ಮೆ ಹಾಸ್ಯ ಮಾಡಿದ್ದರು. ಆದರೆ ಹೊರಡುವ ಹೊತ್ತಿಗೆ ಅದೇ ಪ್ರಶ್ನೆ ಪ್ರತಿ ವರ್ಷವೂ ಬರುತ್ತಿತ್ತು. ನಾನು ಅದೇ ಉತ್ತರ ಕೊಡುತ್ತಿದ್ದೆ. ಒಂದೇ ಸುಳ್ಳನ್ನು ಒಬ್ಬರಿಗೇ ಅಷ್ಟು ಸಲ ಹೇಳುವುದು ಸುಲಭವಲ್ಲ. ಮಗ ಏನೋ ಹೇಳಿದ್ದಾನೆಂದು ಆ ತಾಯಿಗೆ ಒಳಗೊಳಗೇ ಗೊತ್ತಿರುವಂತೆ ನನಗೆ ಅನ್ನಿಸುತ್ತಿತ್ತು. ಇದೂ ನನ್ನ ಅಳುಕು ಕಟ್ಟಿಕೊಂಡದ್ದೇ ಇರಬಹುದು.

ಹೋದ ವರ್ಷ ಸತ್ಯ ಹೇಳಿಬಿಡಬೇಕೆಂದು ನಿಶ್ಚಯಿಸಿದೆ. ಆದರೆ ಸತ್ಯ ಯಾವುದು? ಕಾಲೇಜಿನ ದಿನಗಳಿಂದ ನಾನು ದಿನಚರಿ ಬರೆಯುತ್ತ ಬಂದಿದ್ದೇನೆ. ಊರಿಂದೂರಿಗೆ ಹೊತ್ತು ತಿರುಗಲಾರದೆ ಅವನ್ನೆಲ್ಲ ಯಳಂದೂರಿನ ಹತ್ತಿರ ಅಗರದಲ್ಲಿರುವ ಅಕ್ಕನ ಮನೆಯಲ್ಲಿ ಇಟ್ಟಿದ್ದೆ. ಮೊದಲು ಅಲ್ಲಿಗೆ ಹೋದೆ. ಅಕ್ಕ ಟ್ರಂಕಿನೊಳಗೆ ಬೇವಿನ ಎಲೆ ಹಾಕಿ ಜೋಪಾನ ಮಾಡಿದ್ದಳು. ಅಂದಿನ ಪುಟ ಸಿಕ್ಕಿತು. ನನ್ನದೇ ಅಕ್ಷರ, ಒತ್ತಿ ಬರೆದದ್ದು: "ಎಣಿಕೆ ಪೂರ್ಣ ಎಂದು ತಿಳಿದು ಹೊರಟೆ. ಮಾದೇಶ ಇಲ್ಲ." ಇಷ್ಟೇ. ತಟ್ಟಿನ ಮಾತಿಲ್ಲ, ದನಿಯ ಮಾತಿಲ್ಲ. ಮುಂದಿನ ಹತ್ತು ಪುಟ ಖಾಲಿ.

ನನ್ನ ಮುಖ ನೋಡಿ ಅಕ್ಕ ಏನೆಂದು ಕೇಳಿದಳು, ಹೇಳಿದೆ. ಅವಳು ಸ್ವಲ್ಪವೂ ಯೋಚಿಸದೆ, "ಫೋನ್ನಲ್ಲಿ ನೀನೇ ಯೋಳಿದ್ದಲ್ಲೋ. ಎಡಗಡೆ ಬುಜ ತಟ್ದ ಕಣಕ್ಕ ಅಂತ. ನಾನು ಆ ಉಡುಗ ಬದುಕವ್ನೆ ಅಂತ್ಲೇ ತಿಳ್ಕಂಡಿದ್ದೆ" ಎಂದಳು. ನಾನು ಅವಳಿಗೆ ಫೋನ್ ಮಾಡಿದ್ದು ನನಗೆ ನೆನಪೇ ಇಲ್ಲ. ಯಾವಾಗ ಎಂದು ಕೇಳಿದರೆ ಅಪ್ಪನ ತಿಥಿಯ ದಿನ ಎಂದಳು. ಅಪ್ಪ ತೀರಿಕೊಂಡದ್ದು ಮಾದೇಶ ಸತ್ತ ಎರಡು ವರ್ಷಕ್ಕೆ. ಅದನ್ನು ಹೇಳಿದಾಗ, "ದಿನ ತಪ್ಪಿರಬೌದು, ಮಾತು ತಪ್ಪಿಲ್ಲ" ಎಂದು ಎದ್ದುಹೋದಳು. ಸಾವಿರಾರು ಎಳೆಗಳಲ್ಲಿ ಒಂದನ್ನೂ ತಪ್ಪಿಸದಿದ್ದವಳು. ನಂಬಲೋ ಬಿಡಲೋ ತಿಳಿಯಲಿಲ್ಲ.

ಮರುವಾರ ಕೆಂಪಮ್ಮನ ಅಂಗಳದಲ್ಲಿ ಕೂತಿದ್ದೆ. ಅವರು ಚಾಪೆಯ ಮೇಲೆ ಕಾಲು ಚಾಚಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಆ ಸಲ ಅವರು ಕೇಳುವ ಮುಂಚೆಯೇ ನಾನು ಶುರು ಮಾಡಿದೆ. ಇಷ್ಟು ವರ್ಷ ನಿಮಗೆ ಸುಳ್ಳು ಹೇಳಿದೆನಮ್ಮ ಎಂದೆ. ತಟ್ಟು ಬಂದದ್ದು, 'ಎಲ್ಲಾ ಅವ್ರೆ, ಸಾ' ಎಂಬ ಮಾತು ಕೇಳಿದ್ದು, ಅದನ್ನು ನಂಬಿ ಕೈ ಎತ್ತಿದ್ದು, ಅವನನ್ನು ಬಿಟ್ಟು ಬಂದದ್ದು, ಎಲ್ಲವನ್ನೂ ಹೇಳಿದೆ. ಮುದುಕಿಯ ವಿಷಯವನ್ನೂ ಹೇಳಿದೆ. ಅವರ ಬೆರಳು ನಿಲ್ಲಲಿಲ್ಲ. ಬೀಜಗಳು ಮೊರಕ್ಕೆ ಬೀಳುತ್ತಲೇ ಇದ್ದವು.

"ಯಾವ ಬುಜ?" ಎಂದರು.

ನಾನು ಎಡಭುಜ ಮುಟ್ಟಿ ತೋರಿಸಿದೆ. ಅವರು ತಲೆಯಾಡಿಸಿದರು. ಆಮೇಲೆ ಪಾಠ ಹೇಳುವವರಂತೆ ನಿಧಾನವಾಗಿ ಹೇಳಿದರು:

"ಕಾಡಿಂದ ವಾಪಸ್ ಬರುವಾಗ ಇಂದ್ಗಡೆ ಬರೋನು ತನ್ನ ಎಣಿಸ್ಕಳಂಗಿಲ್ಲ ಕಣಪ್ಪಾ. ಮುಂದ್ಲೋರ್ನ ಎಣಿಸ್ತಾನೆ. ಎಲ್ಲಾ ಅವ್ರೆ ಅಂತಾನೆ. ಇವರಪ್ಪಾನೂವೆ ಅಂಗೇ ಅಂತಿದ್ದ. ಇವ್ನು ಅದ್ನ ನೋಡಿ ಕಲ್ತ."

ಹಾಗಾದರೆ ಅವನನ್ನು ಎಣಿಸುವವರು ಯಾರು ಎಂದು ಕೇಳಿದೆ.

"ಮನೇಲಿರೋರು."

 ಇಷ್ಟು ವರ್ಷ ನಾನೂ ಮಾದೇಶನೂ ಒಂದೇ ಎಣಿಕೆ ಮಾಡುತ್ತಿದ್ದೆವು ಅಂದುಕೊಂಡಿದ್ದೆ. ನನ್ನ ಪದ್ಧತಿಯಲ್ಲಿ ಎಣಿಕೆ ಕೊನೆಯವನಿಂದ ಶುರುವಾಗುತ್ತದೆ. ಅವನದರಲ್ಲಿ ಕೊನೆಯವನು ಲೆಕ್ಕದಲ್ಲೇ ಇಲ್ಲ. ಅವನು ಬದುಕಿ ನನ್ನ ಹಿಂದೆ ನಡೆದು ಬರುತ್ತಿದ್ದಷ್ಟು ದಿನ ಈ ವ್ಯತ್ಯಾಸ ತಿಳಿಯುವ ಹಾಗೇ ಇರಲಿಲ್ಲ. ಆ ಮಧ್ಯಾಹ್ನ ಅವನು ಗೋಡೆಯ ಬಳಿ ನಿಂತು, ದೋಣಿಯಲ್ಲಿದ್ದ ಹನ್ನೊಂದು ಜನರನ್ನು ಎಣಿಸಿ, ಹೊರಡಿ ಎಂದು ಹೇಳಿದ್ದನೇ?

"ಅವ್ನೇ ಕಳುಸ್ದ. ನೀನು ಬುಟ್ಬಂದೆ ಅಂತ ಯಾಕಂತೀಯ?" ಎಂದರು ಕೆಂಪಮ್ಮ. ಎದೆಯ ಮೇಲಿನ ಭಾರ ಇಳಿದಂತಾಯಿತು ಎಂದು ಬರೆಯಬಹುದಿತ್ತು. ಆದರೆ ಅವರ ಮಾತು ಮುಗಿದಿರಲಿಲ್ಲ. ಇನ್ನೊಂದು ಹಿಡಿ ಹುಣಸೆ ಎಳೆದುಕೊಂಡು, ನನ್ನ ಮುಖ ನೋಡದೆ, ದನಿ ಏರಿಸದೆ ಹೇಳಿದರು: "ಆದ್ರೂವೆ ಒಂದ್ಸಲ ತಿರುಗ್ ನೋಡಬೌದಿತ್ತು ಕಣಪ್ಪಾ."

ನಾನು ತಿರುಗಿ ನೋಡಲಿಲ್ಲವೆಂದು ಅವರಿಗೆ ಹೇಳಿದ್ದೆನೇ? ಕೈ ಎತ್ತಿದೆ ಎಂದದ್ದು ನೆನಪಿದೆ. ತಿರುಗದೆ ಕೈ ಎತ್ತಿದೆ ಎಂದು ಹೇಳಿದ ನೆನಪಿಲ್ಲ. ವಿಚಾರಣೆಯ ಕಡತದಲ್ಲೂ ಅದಿಲ್ಲ, ಯಾರೂ ಕೇಳಿರಲಿಲ್ಲ. ಹನ್ನೆರಡು ವರ್ಷದಲ್ಲಿ ನನ್ನನ್ನು ಕಾಡಿದ್ದು ತಟ್ಟಿಗಿಂತ, ದನಿಗಿಂತ ಹೆಚ್ಚಾಗಿ ಅದೊಂದೇ. ಮಾತಿನ ಭರದಲ್ಲಿ ಬಾಯಿಂದ ಬಂದಿರಬಹುದು. ಹಾಗೆಂದುಕೊಳ್ಳುವುದು ನನಗೂ ಸುಲಭ.

ಕೆಂಪಮ್ಮ ನನಗೆ ಕೊಡಲೆಂದು ಹುಣಸೆಹಣ್ಣು ಕಟ್ಟಲು ಒಳಗೆ ಹೋದಾಗ ಅಳಿಯನನ್ನು ಪಕ್ಕಕ್ಕೆ ಕರೆದು ಕೇಳಿದೆ. ಕಾಡಿನಲ್ಲಿ ಹಿಂದೆ ಬರುವವನು ತನ್ನನ್ನು ಎಣಿಸಿಕೊಳ್ಳುವುದಿಲ್ಲವಂತೆ, ಹೌದೇ? ಅವನು ನಕ್ಕ. "ಅಂಗೇನಿಲ್ಲ ಸಾ. ಇಂದ್ಗಡೆ ಇರೋನು ಆನೆ ಗೀನೆ ನೋಡ್ಕಂಡು ಬತ್ತಾನೆ, ಅಷ್ಟೇಯ" ಎಂದ. ಆಮೇಲೆ, ಹಳಬರ ಕಾಲದಲ್ಲಿ ಇದ್ದಿರಬಹುದು, ಕೆಲವು ಮನೆಗಳಲ್ಲಿ ಒಂದೊಂದು ಥರ ಎಂದ. ನನ್ನ ಸಮಾಧಾನಕ್ಕಾಗಿ ಆ ತಾಯಿ ಅಲ್ಲೇ ಕೂತು ಕಟ್ಟಿದ ಮಾತೇ ಅದು? ಹಾಗಿದ್ದರೆ ಕೊನೆಯ ಮಾತನ್ನು ಆಡುತ್ತಿರಲಿಲ್ಲ. ನಿಜವೇ ಆಗಿದ್ದರೂ ದನಿಗೆ ಮಾತ್ರ ಒಂದು ಅರ್ಥ ಸಿಕ್ಕಂತಾಯಿತು. ಇನ್ನೂರು ಹೆಜ್ಜೆ ದೂರದಿಂದ ಅದು ಹೇಗೆ ಬಂತು, ಯಾರೂ ತಟ್ಟದ ಭುಜಕ್ಕೆ ತಟ್ಟು ಹೇಗೆ ಬಿತ್ತು? ತಗುಲಿದ್ದು ಬಂದೂಕಿನ ಹಿಡಿ ಎನ್ನುವುದಾದರೆ ಹಿಡಿಯೇ ಇರಲಿ. ಎಡಭುಜ ಎಂಬುದು ಮೊದಲಿನಿಂದಲೂ ಇತ್ತೇ, ಅಥವಾ ಅವನು ಎಡಚನಾಗಿದ್ದನೆಂದು ನನ್ನ ನೆನಪು ನಿಧಾನವಾಗಿ ಬಲದಿಂದ ಎಡಕ್ಕೆ ಸರಿದುಕೊಂಡಿತೇ? ಅಕ್ಕ ಒಬ್ಬಳು ಸಾಕ್ಷಿ, ಅವಳಿಗೆ ದಿನ ನೆನಪಿಲ್ಲ.

ಮಧ್ಯಾಹ್ನದ ಬಸ್ಸು ತಪ್ಪಿದರೆ ಆ ಊರಿಂದ ಬೇರೆ ದಾರಿಯಿಲ್ಲ. ಕೆಂಪಮ್ಮ ರಸ್ತೆಯವರೆಗೆ ಬಂದರು. ಬರುವ ವರ್ಷ ಇರುತ್ತೇನೆಯೋ ಇಲ್ಲವೋ ಎಂದರು, ಎಲ್ಲ ವರ್ಷವೂ ಹೇಳುವ ಮಾತು. ಆ ಸಲ ಕಡೆಗೆ ಏನಂದ ಎಂದು ಕೇಳಲಿಲ್ಲ. ನಾನು ಹತ್ತಿ ಕೂತೆ. ಕಂಡಕ್ಟರ್ ಎರಡು ಸಲ ಬಾಗಿಲು ಬಡಿದ. ಬಸ್ಸು ಹೊರಟಿತು.

ನಾನು ತಿರುಗಿ ನೋಡಿದೆ. ಧೂಳಿನ ಆಚೆ ಕೆಂಪಮ್ಮ ನಿಂತೇ ಇದ್ದರು, ಕೈ ಎತ್ತಿದ್ದರು. ಎಡಗೈ. ಅವರೂ ಎಡಚರೆಂದು ಅಷ್ಟು ವರ್ಷ ನಾನು ಗಮನಿಸಿರಲಿಲ್ಲ. ಬಲಗೈಯಲ್ಲಿ ಕೋಲು ಹಿಡಿದಿದ್ದರಿಂದ ಹಾಗೆ ಎತ್ತಿದರು ಎಂದು ಈಗ ಬರೆಯಹೊರಟು ನಿಲ್ಲಿಸಿದ್ದೇನೆ. ಅವರ ಕೈಯಲ್ಲಿ ಕೋಲು ಇತ್ತೇ ಎಂದು ಕೇಳಿಕೊಂಡರೆ ನಾನು ಹೇಳಲಾರೆ.